ಒಂದು ನಂಬಿಕೆಗೆ ತಾರೀಖು ಹಾಕಿದ್ದು

ಬಾಗಲಕೋಟೆಯಲ್ಲಿ ಬೆಳೆದವರಿಗೆ ಎರಡು ಸಂಖ್ಯೆ ಬಾಯಿಪಾಠ. 519.60 ಮತ್ತು 524.256. ಮೊದಲನೆಯದು ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸುವ ಮಟ್ಟ, ಮೀಟರ್ ಲೆಕ್ಕದಲ್ಲಿ. ಎರಡನೆಯದು ಮುಂದೆ ನಿಲ್ಲಿಸಬೇಕು ಅಂತಿರುವ ಮಟ್ಟ. ನದಿ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ "ಐನೂರಾ ಇಪ್ಪತ್ನಾಕು ಯಾವಾಗಂತ?" ಅನ್ನುವ ಮಾತು ನಿಂತಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಗೊತ್ತಿತ್ತು. ಮಳೆಗಾಲದಲ್ಲಿ ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಬೆಳಗ್ಗೆ ಎದ್ದ ಕೂಡಲೇ ಪೇಪರಿನಲ್ಲಿ ನೋಡುತ್ತಿದ್ದೆ. ಆಮೇಲೆ ಮೊಬೈಲಿನಲ್ಲಿ ಮತ್ತೊಮ್ಮೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಜಲಾಶಯದಲ್ಲಿ ಹಿಡಿಯುವುದು ಸುಮಾರು 123 ಟಿಎಂಸಿ. ರೊಟ್ಟಿ ಬಡಿಯುತ್ತಾ ಇದನ್ನೇ ಭಾಗಿಸುತ್ತಿದ್ದೆ. ನಾನು ನೀರಾವರಿ ಇಂಜಿನಿಯರ್ ಅಲ್ಲ. ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ನಮ್ಮ ಮನೆ ಇರುವುದು ನವನಗರದಲ್ಲಿ. ಮುಳುಗುವ ಊರಿನವರಿಗಾಗಿಯೇ ಎತ್ತರದಲ್ಲಿ ಕಟ್ಟಿದ ಊರು ಅದು. ಅಲ್ಲಿ ಕೂತು ನಾನು ನೀರಿಗೆ ಹೆದರುತ್ತಿದ್ದೆ.

ಇದಕ್ಕೆ ಹಿನ್ನೆಲೆ ಇದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಿನ್ನೀರು ಘಟಪ್ರಭೆಯ ಗುಂಟ ಬಂದು ಹಳೇ ಬಾಗಲಕೋಟೆಯ ಓಣಿಗಳನ್ನು ತೆಗೆದುಕೊಂಡದ್ದು ಎಷ್ಟೋ ವರ್ಷಗಳ ನಂತರ. ನಮ್ಮ ಮನೆ ಹಳೇ ಊರಿನಲ್ಲಿತ್ತು. ಮನೆಯ ಮುಂದೇ ಅಪ್ಪನ ಕಿರಾಣಿ ಅಂಗಡಿ. ಖಾಲಿ ಮಾಡುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಪರಿಹಾರ ಬಂತು, ಹೊಸ ಜಾಗ ಬಂತು. ಆದರೆ ಅಂಗಡಿ ಅಂದರೆ ನಾಲ್ಕು ಗೋಡೆಯಲ್ಲ, ಗಿರಾಕಿ. ಅವರೆಲ್ಲ ಬೇರೆ ಬೇರೆ ಸೆಕ್ಟರಿಗೆ ಚದುರಿ ಹೋದರು. ಉದ್ರಿ ಪುಸ್ತಕ ಮಾತ್ರ ಅಪ್ಪನ ಕೈಯಲ್ಲಿ ಉಳಿಯಿತು. ಹೊಸ ಜಾಗದಲ್ಲಿ ಅಂಗಡಿ ತೆರೆದರು, ನಡೆಯಲಿಲ್ಲ. ಹೋಳಿಗೆ ಮೊದಲು ಓಣಿಗೆ ಓಣಿಯೇ ಹಲಗೆ ಹಿಡಿದು ಎದ್ದು ಬರುತ್ತಿತ್ತು. ಈ ಕಡೆ ಬಂದ ಮೊದಲ ವರ್ಷ ಅಪ್ಪ ಬಣ್ಣಕ್ಕೂ ಹೊರಗೆ ಬರಲಿಲ್ಲ. ಒಂದು ದಿನ ನನಗೆ ಹೇಳಿದರು: "ನಮ್ಮದಂತ ಯಾವುದೂ ನಿಲ್ಲಂಗಿಲ್ಲವ್ವಾ."

ಆ ಮಾತನ್ನು ನಾನು ಮಾತು ಅಂತ ತೆಗೆದುಕೊಳ್ಳಲಿಲ್ಲ. ಹಾಗೇ ಬದುಕಿದೆ. ಸ್ವಂತ ಮನೆಯಲ್ಲಿ ಬಾಡಿಗೆಯವರ ಹಾಗೆ ಇದ್ದೆವು. ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಅವ್ವನ ಹಿತ್ತಾಳೆ ಪಾತ್ರೆಗಳು ಊರು ಬಿಟ್ಟಾಗ ಕಟ್ಟಿದ ಗೋಣಿಚೀಲದಲ್ಲೇ ಇದ್ದವು, ಮದುವೆಯಾದ ಮೇಲೆ ನನ್ನ ಮನೆಗೆ ಬಂದಾಗಲೂ ಚೀಲ ಬಿಚ್ಚಲಿಲ್ಲ. ಯಜಮಾನರು ಒಂದು ಪ್ಲಾಟ್ ನೋಡಿಕೊಂಡು ಬಂದರೆ ನಾನೊಂದು ಕಾರಣ ಹುಡುಕುತ್ತಿದ್ದೆ. ಮುಧೋಳ ಶಾಖೆಗೆ ಇನ್‌ಚಾರ್ಜ್ ಆಗಿ ಹೋಗ್ತೀರಾ ಅಂತ ಸಂಘದವರು ಕೇಳಿದಾಗ ಮನೆಯ ನೆಪ ಹೇಳಿದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಜಿಲ್ಲೆಯ ಎಷ್ಟೋ ಹಳ್ಳಿಗಳಿಗೆ ನೀರು ನುಗ್ಗಿತು. ಅಲ್ಲಿಂದ ನನ್ನ ನಿದ್ದೆಯೂ ಹೋಯಿತು.

ಮೊದಲು ತೋರಿಸಿದ್ದು ಮಾಮೂಲಿ ಡಾಕ್ಟರಿಗೆ. ಥೈರಾಯ್ಡ್, ಸಕ್ಕರೆ, ರಕ್ತ ಎಲ್ಲಾ ನೋಡಿಸಿದರು. ಏನೂ ಇರಲಿಲ್ಲ. ಇದು ಮುಖ್ಯ. ಮನಸ್ಸಿನದೇ ಅಂತ ನಾವೇ ಷರಾ ಬರೆದುಕೊಳ್ಳುವ ಮೊದಲು ದೇಹದ ತನಿಖೆ ಆಗಬೇಕು. ಆಮೇಲೆ ಅವರೇ ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಜಿಲ್ಲೆಗೊಂದು ಇಂಥ ಸೇವೆ ಇರಬೇಕು ಅನ್ನುವ ಯೋಜನೆ ದೇಶದಲ್ಲಿ ಶುರುವಾದದ್ದು 1996ರಲ್ಲಿ. ಅದಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲೇ ಅಲ್ಲಿ ಮಾಡಿ ನೋಡಿದ್ದರು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಆ ಬಾಗಿಲ ಮುಂದೆ ಪರಿಚಯದವರು ಯಾರೂ ಸಿಗಬಾರದು. ಸಿಕ್ಕರು. ಅವರೂ ತೋರಿಸಿಕೊಳ್ಳಲು ಬಂದಿದ್ದರು.

ಆಪ್ತ ಸಮಾಲೋಚಕಿ ನನಗಿಂತ ಚಿಕ್ಕವರು. ನನ್ನ ಕೆಲಸ ಏನು ಅಂತ ಕೇಳಿ ನಕ್ಕರು. "ಹಂಗಾರ ನಿಮಗಿದು ಸಲೀಸ್ರಿ ಅಕ್ಕಾರ. ಕಾಲಂ ಹಾಕೂದು ನಿಮಗ ಹೇಳಿಕೊಡೂದು ಬ್ಯಾಡ." ಒಂದು ಹಾಳೆ ಕೊಟ್ಟರು. ಏನಾಯಿತು, ಆ ಕ್ಷಣ ಮನಸ್ಸಿಗೆ ಬಂದ ಮಾತು ಯಾವುದು, ಏನನ್ನಿಸಿತು, ನೂರಕ್ಕೆ ಎಷ್ಟು. ಆಮೇಲೆ ಆ ಮಾತಿಗೆ ಪರವಾಗಿ ಪುರಾವೆ ಏನು, ವಿರುದ್ಧ ಏನು. ಕೊನೆಗೆ ಎರಡನ್ನೂ ನೋಡಿ ಹೇಳಬಹುದಾದ ಮಾತು.

ಈ ಪದ್ಧತಿಯ ಮೂಲ 1960ರ ದಶಕದ ಫಿಲಡೆಲ್ಫಿಯಾದಲ್ಲಿದೆ. ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆಯ ರೋಗಿಗಳ ಜೊತೆ ಮಾತಾಡುತ್ತಾ ಒಂದನ್ನು ಗಮನಿಸಿದರು. ಬಾಯಿಂದ ಒಂದು ಮಾತು ಬರುತ್ತಿರುವಾಗಲೇ ಒಳಗೆ ಇನ್ನೊಂದು ಮಾತು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಅದು ಎಷ್ಟು ಬೇಗ ಬಂದು ಹೋಗುತ್ತದೆ ಅಂದರೆ ಅದನ್ನು ವಿಚಾರ ಅಂತ ಯಾರೂ ಗುರುತಿಸುವುದಿಲ್ಲ, ಇರುವ ಸಂಗತಿಯೇ ಹಾಗೆ ಅಂದುಕೊಳ್ಳುತ್ತಾರೆ. ಹಾಳೆಯ ಕೆಲಸ ಆ ಮಾತನ್ನು ಹಿಡಿದು ಬರೆಯುವುದು, ಅಷ್ಟೇ.

ಮೊದಲ ವಾರದ ನಮೂದು ಒಂದು ಹೀಗಿತ್ತು. ಚೇಂಬರಿಗೆ ಕರೆದರು. ಬಂದ ಮಾತು: ಕೆಲಸ ಹೋಯ್ತು. ಹೆದರಿಕೆ, ಎಂಬತ್ತು. ಕರೆದದ್ದು ಗಣಪತಿ ಹಬ್ಬದ ರಜೆ ಯಾರಿಗೆ ಯಾವತ್ತು ಅಂತ ಕೇಳಲು. ಇನ್ನೊಂದು: ಮಗಳು ಫೋನ್ ಎತ್ತಲಿಲ್ಲ. ಬಂದ ಮಾತನ್ನು ಇಲ್ಲಿ ಬರೆಯುವುದು ಬೇಡ. ಅವಳು ಕ್ಲಾಸಿನಲ್ಲಿದ್ದಳು. ಹಾಳೆ ತುಂಬುತ್ತಾ ಹೋದ ಹಾಗೆ ಕಂಡದ್ದು, ಸಂದರ್ಭದ ಕಾಲಮಿನಲ್ಲಿ ದಿನಕ್ಕೊಂದು ಸಂಗತಿ. ಎರಡನೇ ಕಾಲಮಿನಲ್ಲಿ ಮಾತ್ರ ಹೋಯ್ತು, ಹೋಗ್ತದ, ಹೋಗಬಹುದು.

ಆಗ ಅವರು ಇನ್ನೊಂದು ಕೆಲಸ ಮಾಡಿಸಿದರು. ನನ್ನ ಉತ್ತರಕ್ಕೆ ಮತ್ತೆ ಮತ್ತೆ ಅದೇ ಪ್ರಶ್ನೆ.

"ಪ್ಲಾಟ್ ತಗೊಂಡ್ರ ಏನಾಕ್ಕೈತ್ರಿ?"

"ಯಾವುದೋ ಯೋಜನಾ ಅಂತ ಸರ್ಕಾರದವ್ರು ತಗೋತಾರ."

"ತಗೊಂಡ್ರ?"

"ಪರಿಹಾರ ಕೊಡ್ತಾರ. ಸಾಲಂಗಿಲ್ಲ."

"ಸಾಲಲಿಲ್ಲಂದ್ರ?"

"ನಮ್ಮಪ್ಪನಂಗ ಕುಂದ್ರೂದು."

"ಅಪ್ಪನಂಗ ಕುಂತ್ರ, ನಿಮ್ಮ ಬಗ್ಗೆ ಅದು ಏನ್ ಹೇಳತೈತಿ?"

ಇದಕ್ಕೆ ಉತ್ತರ ಕೂಡಲೇ ಬರಲಿಲ್ಲ. ಬಂದಾಗ ನನಗೇ ಆಶ್ಚರ್ಯ ಆಯಿತು. "ಹಿಡಿದಿಟ್ಟುಕೊಳ್ಳಾಕ ನಮಗ ಬರಂಗಿಲ್ಲ ಅಂತ."

ನಾನು ಅಷ್ಟು ವರ್ಷ ನೀರಿಗೆ ಹೆದರಿದ್ದೇನೆ ಅಂದುಕೊಂಡಿದ್ದೆ. ಅಲ್ಲಿ ಎರಡು ನಂಬಿಕೆ ಇದ್ದವು. ನಮ್ಮದು ನಿಲ್ಲುವುದಿಲ್ಲ ಅನ್ನುವುದು ಒಂದು. ನಿಲ್ಲದಿರಲು ನಮ್ಮ ಕೈಯೇ ಕಾರಣ ಅನ್ನುವುದು ಇನ್ನೊಂದು. ಎರಡನೆಯದು ಮೊದಲನೆಯದರ ಹಿಂದೆ ನಿಂತಿತ್ತು.

ಪುರಾವೆ ನೋಡಲು ಕೂತಾಗ ಎರಡನ್ನೂ ಬೇರೆ ಮಾಡಬೇಕಾಯಿತು. ಎರಡನೆಯದನ್ನು ಬೇಗ ಮುಗಿಸಿದೆ. ನಾನು ಹುಟ್ಟುವ ಮೊದಲೇ ಅಡಿಗಲ್ಲು ಬಿದ್ದ ಅಣೆಕಟ್ಟು, ಸಾವಿರಾರು ಮನೆ. ಅಪ್ಪ ಎಷ್ಟೇ ಜಾಣ ವ್ಯಾಪಾರಿ ಆಗಿದ್ದರೂ ಆ ಅಂಗಡಿ ಅಲ್ಲಿ ಇರುತ್ತಿರಲಿಲ್ಲ. ಪಕ್ಕದ ಬಂಗಾರದ ಅಂಗಡಿಯವರೂ ಎದ್ದು ಹೋಗಬೇಕಾಯಿತು. ಆ ಮಾತಿಗೆ ಅವತ್ತೂ ಪುರಾವೆ ಇರಲಿಲ್ಲ.

ಮೊದಲನೆಯದು ಅಷ್ಟು ಸುಲಭ ಇರಲಿಲ್ಲ. ಅದು ಸುಳ್ಳಲ್ಲ. ನಮ್ಮದು ನಿಲ್ಲಲಿಲ್ಲ, ಕಣ್ಣಾರೆ ಕಂಡದ್ದು. ಈ ವಿಷಯದಲ್ಲಿ ನನಗೆ ಸಿಟ್ಟು ಬರಿಸುವ ಒಂದು ಸಲಹೆ ಇದೆ. ಬೆಳಗ್ಗೆ ಕನ್ನಡಿ ಮುಂದೆ ನಿಂತು "ಎಲ್ಲಾ ಒಳ್ಳೆಯದೇ ಆಗ್ತದೆ" ಅಂತ ಹೇಳಿಕೊಳ್ಳಿ ಅನ್ನುವುದು. ನಮ್ಮ ನಾದಿನಿ ಇಂಥ ವಿಡಿಯೋ ಕಳಿಸುತ್ತಲೇ ಇರುತ್ತಾಳೆ. ಮಾಡಿ ನೋಡಿದೆ. ಬಾಯಿ ಒಳ್ಳೆಯದಾಗ್ತದೆ ಅನ್ನುತ್ತಿತ್ತು, ಒಳಗಿನಿಂದ "ಅಪ್ಪಗ ಆತೇನ?" ಅಂತ ಉತ್ತರ ಬರುತ್ತಿತ್ತು. ಸ್ವಂತ ಅನುಭವ ಇರುವ ನಂಬಿಕೆ ಕನ್ನಡಿಗೆ ಹೇಳಿದ ಮಾತಿಗೆ ಜಗ್ಗುವುದಿಲ್ಲ.

ದಾರಿ ಸಿಕ್ಕಿದ್ದು ನನ್ನ ಕೆಲಸದಿಂದಲೇ. ಕೀರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ ಬರೆಯುವವರಿಗೆ ಗೊತ್ತು, ದಿನದ ಲೆಕ್ಕ ಆರಂಭದ ಶಿಲ್ಕಿನಿಂದ, ಅಂದರೆ ಕೈಯಲ್ಲಿ ಉಳಿದ ಹಣದಿಂದ ಶುರುವಾಗುತ್ತದೆ. ನಿನ್ನೆಯ ಅಖೇರಿ ಶಿಲ್ಕೇ ಇವತ್ತಿನ ಆರಂಭ. ಯಾರೋ ಒಬ್ಬರು ಎಂದೋ ಒಂದು ಮೊತ್ತ ಬರೆದಿದ್ದಾರೆ, ಆಮೇಲಿನವರು ನಗದು ಎಣಿಸದೆ ಬರೀ ಅದನ್ನೇ ಮುಂದಕ್ಕೆ ತಂದಿದ್ದಾರೆ ಅಂದುಕೊಳ್ಳಿ. ಪುಸ್ತಕ ನೋಡಲು ಚೆನ್ನಾಗಿಯೇ ಇರುತ್ತದೆ. ಪೆಟ್ಟಿಗೆಯಲ್ಲಿ ಎಷ್ಟಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅಪ್ಪನ ಮಾತು ಅವತ್ತಿನ ಅಖೇರಿ ಶಿಲ್ಕು. ಸರಿಯಾದ ಲೆಕ್ಕವೇ. ನಾನು ಅದರ ಮುಂದೆ ಅವರು ಹೇಳಿದ ವರ್ಷ ಬರೆದೆ. ಆಮೇಲೆ ಆ ವರ್ಷದಿಂದ ಈಚಿನ ವೋಚರುಗಳನ್ನು ಮಾತ್ರ ತೆಗೆಯುತ್ತಾ ಹೋದೆ.

ಬಹಳ ಹೊತ್ತು ಹಿಡಿಯಿತು, ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಅಲ್ಲ. ನವನಗರದ ಮನೆ ಇನ್ನೂ ನಮ್ಮ ಹೆಸರಿನಲ್ಲಿದೆ. ಅದರ ಸಾಲ ತೀರಿದೆ. ಸಂಘದ ಕೆಲಸ ಉಳಿದಿದೆ. ಅಣ್ಣ ಅಪ್ಪನ ತಕ್ಕಡಿಯಿಂದಲೇ ಬೇರೆ ಸೆಕ್ಟರಿನಲ್ಲಿ ಅಂಗಡಿ ಹಾಕಿ ನಡೆಸುತ್ತಿದ್ದಾನೆ. ಇದು ನನ್ನ ಕಣ್ಣ ಮುಂದೇ ಇತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ. ಇನ್ನೊಂದು ಕಡೆ 2019ರಲ್ಲಿ ಹೊಳೆದಂಡೆಯ ಚಿಕ್ಕವ್ವನ ಮನೆಯ ಗೋಡೆ ಬಿದ್ದದ್ದನ್ನೂ ಬರೆಯಬೇಕಾಯಿತು. ಹಳೇ ಊರಿನಲ್ಲಿ ಉಳಿದವರ ತಲೆಯ ಮೇಲೆ 524.256 ಇನ್ನೂ ತೂಗುತ್ತಿದೆ, ಅದನ್ನೂ. ಬರೆಯದಿದ್ದರೆ ನಾನೇ ನಂಬುತ್ತಿರಲಿಲ್ಲ. ಕೊನೆಯ ಕಾಲಮಿನಲ್ಲಿ ಬಂದ ಮಾತು: "ಕೆಲವು ಹೋಗುತ್ತವೆ, ಬಹಳಷ್ಟು ಉಳಿದಿವೆ. ಹೋದದ್ದರಲ್ಲಿ ನಮ್ಮ ಕೈ ಇರಲಿಲ್ಲ." ಎಷ್ಟು ನಂಬುತ್ತೀರಿ ಅಂದರು. ನೂರಕ್ಕೆ ಐವತ್ತು ಅಂದೆ. ಸಾಕು ಅಂದರು.

ಅಣ್ಣನ ಅಂಗಡಿ ನನಗೆ ಕಾಣದೇ ಹೋದದ್ದು ಹೇಗೆ? ಇದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1960ರಲ್ಲಿ ಇಂಗ್ಲೆಂಡಿನ ಪೀಟರ್ ವೇಸನ್ ಪ್ರಕಟಿಸಿದ್ದು. ಜನರಿಗೆ 2, 4, 6 ಅಂತ ಮೂರು ಸಂಖ್ಯೆ ಕೊಟ್ಟರು. ಇದರ ಹಿಂದೆ ಒಂದು ನಿಯಮ ಇದೆ. ನೀವು ಬೇರೆ ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಕೂಡುತ್ತದೋ ಇಲ್ಲವೋ ನಾವು ಹೇಳುತ್ತೇವೆ, ನಿಯಮ ಕಂಡುಹಿಡಿಯಿರಿ. ಎರಡೆರಡು ಏರುತ್ತದೆ ಅಂದುಕೊಂಡವರು 8, 10, 12 ಅಂತ ಕೇಳುತ್ತಾರೆ. ಕೂಡುತ್ತದೆ. 20, 22, 24. ಅದೂ ಕೂಡುತ್ತದೆ. ಖಾತ್ರಿ ಆಯ್ತು ಅಂತ ಹೇಳಿ ಸೋಲುತ್ತಾರೆ. ನಿಯಮ ಇದ್ದದ್ದು ಏರುವ ಯಾವ ಸಂಖ್ಯೆಯಾದರೂ ಸರಿ ಅಂತ ಮಾತ್ರ. ತಮ್ಮ ಊಹೆಯನ್ನು ಮುರಿಯುವ ಸಂಖ್ಯೆ ಕೇಳಿದವರು ಕಡಿಮೆ.

ಇದನ್ನು ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲಿ ಆಡಿಸಿದೆ. ಓದಿದವರೆಲ್ಲ ಎರಡೆರಡು ಅಂತಲೇ ಹೋದರು. ಗೆದ್ದದ್ದು ನಮ್ಮ ಪಿಗ್ಮಿ ಏಜೆಂಟ್. ಅವರು ಕೇಳಿದ ಮೊದಲ ಸಂಖ್ಯೆಗಳೇ ಮೂರು, ಎರಡು, ಒಂದು. ಅದ್ಯಾಕೆ ಹಾಗೆ ಕೇಳಿದಿರಿ ಅಂದರೆ, "ದಿನಾ ಮನಿ ಮನಿ ತಿರಗತೀನ್ರಿ ಬಾಯಾರ. ಇಲ್ಲ ಅನ್ನಿಸಿಕೊಳ್ಳೂದು ರೂಢಿ ಐತಿ."

ನನ್ನ ಬೆಳಗಿನ ಪೇಪರು ಓದು ಇದೇ ಆಗಿತ್ತು. ಹೋಗುತ್ತದೆ ಅನ್ನುವ ನಂಬಿಕೆ ದಿನಾ ಎದ್ದು ಹೋಗುವಂಥದ್ದನ್ನೇ ಹುಡುಕುತ್ತಿತ್ತು. ಸಿಗುತ್ತಿತ್ತು. ನಂಬಿಕೆ ಎಷ್ಟೇ ತಿದ್ದಿದರೂ ಕಣ್ಣು ಅದೇ ಕಡೆ ಹೋಗುತ್ತಿದ್ದರೆ ಏನೂ ಬದಲಾಗುವುದಿಲ್ಲ ಅಂತ ಅರ್ಥವಾದ ಮೇಲೆ ಗಮನದ ಕೆಲಸ ಶುರುವಾಯಿತು.

ಮೊದಲನೆಯದು ಚಿಂತೆಗೆ ಹೊತ್ತು ಗೊತ್ತು ಮಾಡುವುದು. ಅಮೆರಿಕದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಪರೀಕ್ಷಿಸಿದರು. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಬೇಡ ಅನ್ನಬಾರದು. ಒಂದು ಚೀಟಿಯಲ್ಲಿ ಬರೆದು ಸಂಜೆಗೆ ಬಾ ಅನ್ನಬೇಕು. ನಾನು ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದೆ, ಸಂಜೆ ಆರಕ್ಕೆ. ಹಾಸಿಗೆಯಲ್ಲಿ ಮಾತ್ರ ಬೇಡ ಅಂತ ಕಟ್ಟಪ್ಪಣೆ. ಚೀಟಿ ಬಿಚ್ಚಿದರೆ ಅರ್ಧದಷ್ಟು ಆಗಲೇ ಹಳಸಿರುತ್ತಿದ್ದವು. ಕೆಲವಕ್ಕೆ ಒಂದು ಫೋನ್ ಮಾಡಿದರೆ ಮುಗಿಯುತ್ತಿತ್ತು. ಉಳಿದವುಗಳ ಬಗ್ಗೆ ಅರ್ಧ ಗಂಟೆ ಚಿಂತೆ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಬೇಸರ ಬರುತ್ತದೆ! ಯಜಮಾನರು ಕೆಳಗಿನಿಂದ "ಆತೇನು, ಚಹಾ ಇಡ್ಲ್ಯಾ?" ಅಂತ ಕೂಗುತ್ತಿದ್ದರು.

ನೀರಿನ ಮಟ್ಟ ನೋಡುವುದನ್ನು ಪೂರ್ತಿ ಬಿಡಲು ಹೇಳಲಿಲ್ಲ. ವಾರಕ್ಕೊಮ್ಮೆ, ರವಿವಾರ. ಪ್ರವಾಹದ ಅಪಾಯ ಇದ್ದರೆ ಜಿಲ್ಲಾಡಳಿತವೇ ಸಾರುತ್ತದೆ, ನಾನು ಗುಣಿಸುವವರೆಗೆ ಕಾಯುವುದಿಲ್ಲ. ತಿಳಿದುಕೊಳ್ಳಲು ನೋಡುವುದು ಬೇರೆ, ಎದೆಯ ಡವಡವ ಇಳಿಯಲಿ ಅಂತ ನೋಡುವುದು ಬೇರೆ. ಎರಡನೆಯದು ಸ್ವಲ್ಪ ಹೊತ್ತು ಇಳಿಸಿ ಮತ್ತೆ ಏರಿಸುತ್ತದೆ.

ಎರಡನೆಯದು ಕಿವಿಯ ಅಭ್ಯಾಸ. ಏಡ್ರಿಯನ್ ವೆಲ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1990ರಲ್ಲಿ ರೂಪಿಸಿದ್ದು. ಹತ್ತು ಹನ್ನೆರಡು ನಿಮಿಷದ ಕೆಲಸ. ಒಂದೇ ಹೊತ್ತಿಗೆ ಕೇಳುವ ಹಲವು ಸದ್ದುಗಳಲ್ಲಿ ಮೊದಲು ಒಂದನ್ನೇ ಹಿಡಿಯುವುದು. ಆಮೇಲೆ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಜಿಗಿಯುವುದು. ಕೊನೆಗೆ ಎಷ್ಟು ಆಗುತ್ತದೋ ಅಷ್ಟನ್ನೂ ಒಟ್ಟಿಗೆ ಕೇಳುವುದು. ಧ್ಯಾನ ಅಲ್ಲ, ಸಮಾಧಾನ ಸಿಗಲಿ ಅಂತಲೂ ಅಲ್ಲ. ನಡುವೆ ಕೆಟ್ಟ ವಿಚಾರ ಬಂದರೆ ಬರಲಿ, ಅದೂ ಒಂದು ಸದ್ದು. ಗಮನ ನಾವು ಕಳಿಸಿದ ಕಡೆ ಹೋಗುತ್ತದೆ ಅಂತ ರೂಢಿ ಆಗಬೇಕು, ಅಷ್ಟೇ.

ನಾನು ಬೆಳಗ್ಗೆ ಪೇಪರಿನ ಹೊತ್ತಿಗೇ ಇದನ್ನು ಇಟ್ಟುಕೊಂಡೆ. ನಮ್ಮ ಫ್ಯಾನಿನ ಕಿರಗುಟ್ಟುವಿಕೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕಸದ ಗಾಡಿಯ ಹಾಡು. ಯಾರದೋ ಕುಕ್ಕರು. ದೂರದಲ್ಲಿ ಗದಗ ಕಡೆ ಹೋಗುವ ರೈಲಿನ ಕೂಗು. ಮೊದಮೊದಲು ಒಂದು ನಿಮಿಷ ಒಂದೇ ಸದ್ದಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕೆಲವು ವಾರದ ಮೇಲೆ ಪಕ್ಕದ ಮನೆಯಲ್ಲಿ ಬಡಿಯುತ್ತಿರುವುದು ಅತ್ತೆಯೋ ಸೊಸೆಯೋ ಅಂತ ಕಿವಿಯಲ್ಲೇ ಹೇಳುವಷ್ಟಾಯಿತು. ಸೊಸೆಯ ಕೈ ಬಿರುಸು. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಇದು ಉಪಯೋಗಕ್ಕೆ ಬಂತು ಅಂತ ಹೇಳಿದರೆ ಪೂರ್ತಿ ನಿಜ ಆಗುವುದಿಲ್ಲ. ಕೆಲವು ರಾತ್ರಿ ಬಂತು. ರಾತ್ರಿ ಹೊತ್ತು ಹಾಳೆ ಬರೆಯುವುದಂತೂ ಬೇಡ. ಬರೆದಷ್ಟೂ ಎಚ್ಚರ ಹೆಚ್ಚಾಗುತ್ತದೆ.

ಮೂರನೆಯದು ಮಾಡಿ ನೋಡುವುದು. ಮಾಡುವ ಮೊದಲು ಏನಾಗುತ್ತದೆ ಅಂತ ನಂಬಿಕೆಯ ಭವಿಷ್ಯವನ್ನು ಬರೆದಿಡಬೇಕು, ಆದ ಮೇಲೆ ಏನಾಯಿತು ಅಂತ ಪಕ್ಕದಲ್ಲಿ ಬರೆಯಬೇಕು. ಮೊಳೆಯಿಂದ ಶುರು ಮಾಡಿದೆವು. ಅಪ್ಪನ ಫೋಟೋಕ್ಕೆ. ನಕ್ಕುಬಿಡಿ, ಪರವಾಗಿಲ್ಲ. ಆ ಮೊಳೆ ಹೊಡೆಯುವಾಗ ನನ್ನ ಅಂಗೈ ಬೆವರಿತ್ತು. ಆಮೇಲೆ ಹಿತ್ತಾಳೆ ಪಾತ್ರೆ. ಚೀಲ ಬಿಚ್ಚಿದರೆ ಎಲ್ಲಾ ಕಿಲುಬು ಹಿಡಿದಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಡುಗೆಗೆ ಬಳಸಲು ಒಳಗೆ ಕಲಾಯಿ ಆಗಬೇಕು, ಈಗ ಕಲಾಯಿ ಹಾಕುವವರು ಸಿಗುವುದೇ ಅಪರೂಪ. ವಿಚಾರಿಸಿ ವಿಚಾರಿಸಿ ಒಬ್ಬರು ಸಿಕ್ಕರು. ನಾನು ಬರೆದಿಟ್ಟಿದ್ದ ಭವಿಷ್ಯ: ಹೊರಗೆ ತೆಗೆದರೆ ಒಂದಲ್ಲ ಒಂದು ಕಳೆಯುತ್ತದೆ. ಕಳೆಯಿತು, ಒಂದು ಸಣ್ಣ ತಂಬಿಗೆ. ಮದುವೆ ಮನೆಗೆ ಕೊಟ್ಟದ್ದು ವಾಪಸ್ ಬರಲಿಲ್ಲ. ಎರಡು ದಿನ ಹುಡುಕಿ ಬಿಟ್ಟೆವು. ಉಳಿದವು ಅಡುಗೆ ಮನೆಯಲ್ಲಿವೆ. ಕಳೆದರೆ ಏನಾಗುತ್ತದೆ ಅನ್ನುವ ಕಾಲಮಿಗೆ ಆ ತಂಬಿಗೆಗಿಂತ ಒಳ್ಳೆಯ ನಮೂದು ನನಗೆ ಸಿಕ್ಕಿಲ್ಲ.

ಮುಧೋಳ ಶಾಖೆ ಮತ್ತೊಮ್ಮೆ ಖಾಲಿಯಾದಾಗ ನಾನೇ ಅರ್ಜಿ ಕೊಟ್ಟೆ. ಈಗ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಸೂಲಿ ಆಗದ ಸಾಲ ಕುತ್ತಿಗೆಯವರೆಗೆ ಇದೆ, ಮಾರ್ಚ್ ತಿಂಗಳು ಯಾಕೆ ಬರುತ್ತದೋ ಅನ್ನಿಸುತ್ತದೆ. ಪ್ಲಾಟ್ ಇನ್ನೂ ತೆಗೆದುಕೊಂಡಿಲ್ಲ. ರೇಟು ಜಾಸ್ತಿ ಅನ್ನುವ ಕಾರಣಕ್ಕೆ. ಈ ಸಲ ಕಾರಣ ನಿಜವಾಗಿ ಅದೇ.

ಇದು ಎಲ್ಲರಿಗೂ ಹಾಳೆಯಲ್ಲೇ ಮುಗಿಯುವ ಕೆಲಸ ಅಲ್ಲ. ಆಸ್ಪತ್ರೆಯಲ್ಲಿ ಸಿಕ್ಕ, ನನ್ನ ಜೊತೆ ಬೆಂಚಿನಲ್ಲಿ ಕೂತಿದ್ದ ಆ ಪರಿಚಯದವರಿಗೆ ಮಾತ್ರೆಯೂ ಬೇಕಾಯಿತು, ಅವರೂ ಸುಧಾರಿಸಿದ್ದಾರೆ. ಬದುಕೇ ಬೇಡ ಅನ್ನಿಸುವಂತಿದ್ದರೆ ಹಾಳೆ ಹಿಡಿದು ಕೂರುವುದಲ್ಲ, ಕೂಡಲೇ ಯಾರಿಗಾದರೂ ಹೇಳಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಈ ಹುಚ್ಚು ಹತ್ತಿದೆ. ಅಣ್ಣನ ಅಂಗಡಿಯ ಹಿಂದೆ ಕೂತು ನನ್ನ ಹಳೇ ಹಾಳೆಗಳನ್ನು ಓದಿದರು. ಅವರ ಮಾತು ಬೇರೆ: "ನಾ ಬಾಯಿ ಬಿಟ್ರ ಮನಿ ಒಡೀತೈತಿ." ಮದುವೆಯಾಗಿ ಬಂದಾಗಿನಿಂದ ಅದನ್ನೇ ನಂಬಿ ನಡೆದವರು. ಯಾವ ವರ್ಷದ ಮಾತು ಅದು ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. ಅಂಗಡಿಯ ಬಿಲ್ಲಿನ ಹಿಂಬದಿಗೆ ಗೀಟು ಎಳೆದು ಬರೆಯಲು ಕೂತರು. ಪರವಾಗಿ ಪುರಾವೆ ಏನು ಅನ್ನುವ ಕಾಲಂ ತುಂಬಿ ಹೋಯಿತು, ಇನ್ನೊಂದು ಬಿಲ್ಲು ಅಂಟಿಸಿದರು, ಅದೂ ತುಂಬಿತು. ಅದರಲ್ಲಿ ಅರ್ಧಕ್ಕರ್ಧ ನಮ್ಮ ಅಣ್ಣನ ಹೆಸರಿದೆ. "ವಿರುದ್ಧದ್ದು ನಾಳಿ ಬರೀತೀನಿ, ಇವತ್ತ ಇದ ಮುಗಿಯಂಗಿಲ್ಲ" ಅಂದರು. ಅಣ್ಣ ಗಲ್ಲೆಯ ಹತ್ತಿರದಿಂದ ಏನ್ ಬರ್ಯಾಕತ್ತೀರಿ ಇಬ್ರೂ ಅಂತ ಕೇಳುತ್ತಲೇ ಇದ್ದ.